ಎರಡು ಚಿನ್ನದ ರೈಲು

ಕರ್ನಾಟಕದಲ್ಲಿ ಚಿನ್ನದ ಹೆಸರಿಟ್ಟುಕೊಂಡ ರೈಲುಗಳು ಎರಡಿವೆ. ಒಂದು ಗೋಲ್ಡನ್ ಚಾರಿಯಟ್, ಕನ್ನಡದಲ್ಲಿ ಸುವರ್ಣ ರಥ. ನೇರಳೆ ಬೋಗಿ, ಅದರ ಮೇಲೆ ಬಂಗಾರದ ಬಣ್ಣ. ಪೇಪರ್‌ನಲ್ಲಿ ಫೋಟೋ ನೋಡೇ ಇರ್ತೀರಿ. ಇನ್ನೊಂದು ಸ್ವರ್ಣ. ಇದರ ಫೋಟೋ ಯಾವ ಪೇಪರ್‌ನಲ್ಲೂ ದೊಡ್ಡದಾಗಿ ಬರಲ್ಲ. ನಸುಕಿನಲ್ಲಿ ಮಾರಿಕುಪ್ಪಂ ಬಿಟ್ಟು, ಚಾಂಪಿಯನ್, ಉರಿಗಾಂ, ಕೋರಮಂಡಲ್ ಅಂತ ನಮ್ಮ ಕೆಜಿಎಫ್‌ನ ಪುಟ್ಟ ಸ್ಟೇಷನ್‌ಗಳಲ್ಲಿ ನಿಂತು ಜನರನ್ನ ತುಂಬಿಕೊಂಡು, ಬಂಗಾರಪೇಟೆಗೆ ಬಂದು ಬೆಂಗಳೂರಿನ ದಾರಿ ಹಿಡಿಯುತ್ತೆ. ಸಂಜೆ ಅದೇ ಜನರನ್ನ ವಾಪಸ್ ತಂದುಬಿಡುತ್ತೆ.

ಮೊದಲನೇದರಲ್ಲಿ ನಾನು ಇವತ್ತಿನವರೆಗೂ ಕೂತಿಲ್ಲ. ಎರಡನೇದರಲ್ಲಿ ವರ್ಷಗಟ್ಟಲೆ ಓಡಾಡಿದ್ದೀನಿ, ಕೂತದ್ದಕ್ಕಿಂತ ನಿಂತದ್ದೇ ಜಾಸ್ತಿ. ಹಾಗಾಗಿ ಸುವರ್ಣ ರಥದ ಕತೆ ಹೇಳೋಕೆ ನನಗೇನು ಅಧಿಕಾರ ಅಂತ ನೀವು ಕೇಳಬಹುದು. ಅಧಿಕಾರ ಏನೂ ಇಲ್ಲ. ನಮ್ಮ ಮಾವ ಒಂದು ಪ್ರಶ್ನೆ ಕೇಳಿದ್ರು, ಅದಕ್ಕೆ ಅವತ್ತು ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕ್ತಾ ಹುಡುಕ್ತಾ ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ಬಿಇ ಮುಗಿಸಿ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಮಾವ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ. ಒಂದು ಭಾನುವಾರ ಯಾರದೋ ಮದುವೆಗೆ ಅಂತ ಇಬ್ಬರೂ ಯಶವಂತಪುರ ಸ್ಟೇಷನ್‌ಗೆ ಹೋಗಿದ್ವಿ. ಅಲ್ಲಿ ನಿಂತಿತ್ತು ಸುವರ್ಣ ರಥ. ಪ್ಲಾಟ್‌ಫಾರ್ಮಿನ ಮೇಲೆ ಕೆಂಪು ಜಮಖಾನ, ಪೇಟ ಕಟ್ಟಿದ ಹುಡುಗರು, ಹೂವಿನ ಹಾರ. ಮಾವ ಕಿಟಕಿಯೊಳಗೆ ಇಣುಕಿ ನೋಡಿದ್ರು. ಬೋಗಿಯ ಮೇಲೆ ಬರೆದಿದ್ದ ಹೆಸರು ಓದಿದ್ರು. ಆಮೇಲೆ ಕೇಳಿದ್ರು: "ಚಿನ್ನದ ರೈಲು ಅಂತೀಯಲ್ಲಪ್ಪಾ, ನಮ್ಮೂರಿಗೆ ಬತ್ತದಾ ಇದು?"

"ಇಲ್ಲ ಮಾವ" ಅಂದೆ.

"ಅಂಗಾದ್ರೆ ಚಿನ್ನ ಎಲ್ಲಿಂದ ತಂದ್ರು?" ಅಂದು ನಕ್ಕುಬಿಟ್ರು. ತಮಾಷೆಗೆ ಕೇಳಿದ್ದು. ಆದರೆ ನನ್ನ ತಲೆಯಲ್ಲಿ ಉಳಿದುಬಿಡ್ತು.

ಮೊದಲಿಗೆ ಐಷಾರಾಮಿ ರೈಲು ಅನ್ನೋದು ಎಲ್ಲಿಂದ ಬಂತು ಅಂತ ನೋಡೋಣ. ರೈಲಿನಲ್ಲಿ ಹೋಗೋದೇ ಸುಖ, ಊರು ತಲುಪೋದು ಆಮೇಲಿನ ಮಾತು ಅನ್ನೋ ಯೋಚನೆಯನ್ನ ದೊಡ್ಡ ವ್ಯಾಪಾರ ಮಾಡಿದವನು ಬೆಲ್ಜಿಯಂನ ಜಾರ್ಜ್ ನಾಗೆಲ್‌ಮಾಕರ್ಸ್. 1883ರಲ್ಲಿ ಅವನ ಕಂಪನಿ ಪ್ಯಾರಿಸ್‌ನಿಂದ ಇಸ್ತಾಂಬುಲ್ ಕಡೆಗೆ ಓರಿಯಂಟ್ ಎಕ್ಸ್‌ಪ್ರೆಸ್ ಹೊರಡಿಸಿತು. ಮಲಗೋಕೆ ಹಾಸಿಗೆ, ಊಟಕ್ಕೆ ಬೇರೆ ಬೋಗಿ, ಸೇವೆಗೆ ಆಳುಗಳು. ಹೋಟೆಲ್ಲನ್ನೇ ಗಾಲಿ ಮೇಲೆ ಇಟ್ಟ ಹಾಗೆ.

ನಮ್ಮಲ್ಲಿ ಅಂಥ ಸುಖ ಇದ್ದದ್ದು ರಾಜರಿಗೆ, ವೈಸರಾಯ್‌ಗಳಿಗೆ. ಅವರದೇ ಸ್ವಂತ ಸಲೂನ್ ಬೋಗಿಗಳಿದ್ವು. ಮೈಸೂರು ಸ್ಟೇಷನ್ ಹತ್ತಿರದ ರೈಲು ಮ್ಯೂಸಿಯಂಗೆ ಹೋದರೆ ಮಹಾರಾಣಿಯವರ ಸಲೂನ್ ಈಗಲೂ ನೋಡಬಹುದು. ಅಡುಗೆಮನೆ, ಊಟದ ಮನೆ, ಮಲಗೋ ಕೋಣೆ, ಎಲ್ಲ ಹಳಿ ಮೇಲೆ. 1979ರಲ್ಲಿ ಶುರುವಾದ ಆ ಮ್ಯೂಸಿಯಂಗೆ ನಮ್ಮನ್ನ ಹೈಸ್ಕೂಲ್ ಟೂರ್‌ನಲ್ಲಿ ಕರ್ಕೊಂಡು ಹೋಗಿದ್ರು. ರೈಲಿನಲ್ಲಿ ಬಾತ್‌ರೂಮ್ ಅಷ್ಟು ದೊಡ್ಡದಿರಬಹುದು ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ರಾಜರು ಹೋದರು, ಸಲೂನ್‌ಗಳು ಉಳಿದವು. ಆ ಹಳೇ ಬೋಗಿಗಳನ್ನ ಟೂರಿಸಂಗೆ ಬಳಸಬಹುದು ಅನ್ನೋ ಯೋಚನೆಯಿಂದ ಹುಟ್ಟಿದ್ದು ಪ್ಯಾಲೇಸ್ ಆನ್ ವೀಲ್ಸ್. 1982ರ ಜನವರಿ 26ರಂದು ರಾಜಸ್ಥಾನಕ್ಕೆ ಹೊರಟ ಈ ರೈಲು ವಿದೇಶಿಯರಿಗೆ ತುಂಬಾ ಹಿಡಿಸಿತು. ಅದನ್ನ ನೋಡಿ ಬೇರೆ ರಾಜ್ಯಗಳೂ ನಮಗೂ ಒಂದು ಬೇಕು ಅಂದವು. ಮಹಾರಾಷ್ಟ್ರಕ್ಕೆ ಡೆಕ್ಕನ್ ಒಡಿಸ್ಸಿ ಬಂತು. ಆಮೇಲೆ ಕರ್ನಾಟಕದ ಸರದಿ.

2008ರ ಶುರುವಿನಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಯಶವಂತಪುರದಲ್ಲಿ ಸುವರ್ಣ ರಥಕ್ಕೆ ಹಸಿರು ನಿಶಾನೆ ತೋರಿಸಿದ್ರು. ಮಾರ್ಚ್ 10ಕ್ಕೆ ದುಡ್ಡು ಕೊಟ್ಟು ಟಿಕೆಟ್ ತಗೊಂಡವರ ಮೊದಲ ಪ್ರಯಾಣ. ನಡೆಸ್ತಾ ಇದ್ದದ್ದು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅಂದರೆ ಕೆಎಸ್‌ಟಿಡಿಸಿ. ಎಂಜಿನ್, ಹಳಿ ರೈಲ್ವೆಯದು. ದಕ್ಷಿಣ ಭಾರತದಲ್ಲಿ ಈ ಥರದ ರೈಲು ಇದೇ ಮೊದಲು.

ಹೆಸರು ಬಂದದ್ದು ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದಿಂದ. ಈಗಿನ ಐವತ್ತು ರೂಪಾಯಿ ನೋಟಿನ ಹಿಂದೆ ಇರೋದು ಅದೇ. ಅಲ್ಲಿಗೆ ಹೋದವರಿಗೆ ಗೊತ್ತು, ಅದು ನಿಜಕ್ಕೂ ರಥ ಅಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಆ ಕಲ್ಲನ್ನ ಚಿನ್ನ ಮಾಡಿ ರೈಲಿಗೆ ಹೆಸರಿಟ್ರು. ಮಾವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ತು: ಈ ಚಿನ್ನ ನಮ್ಮೂರಿಂದ ಬಂದದ್ದಲ್ಲ, ಹಂಪಿಯಿಂದ ಬಂದದ್ದು.

ಒಳಗಡೆ ಏನಿತ್ತು? ಹನ್ನೊಂದು ಮಲಗೋ ಬೋಗಿ, ಒಂದೊಂದಕ್ಕೂ ಕರ್ನಾಟಕ ಆಳಿದ ವಂಶದ ಹೆಸರು. ಕದಂಬ, ಹೊಯ್ಸಳ, ರಾಷ್ಟ್ರಕೂಟ, ಗಂಗ, ಚಾಲುಕ್ಯ, ಬಹಮನಿ, ಆದಿಲ್ ಶಾಹಿ, ಸಂಗಮ, ಶಾತವಾಹನ, ಯದುಕುಲ, ವಿಜಯನಗರ. ಏಳನೇ ಕ್ಲಾಸಿನ ಸಮಾಜ ಪುಸ್ತಕಕ್ಕೆ ಗಾಲಿ ಹಾಕಿದ್ರೆ ಹೀಗೇ ಇರುತ್ತೆ. ಊಟದ ಬೋಗಿಗಳಿಗೆ ನಳ ಮತ್ತು ರುಚಿ ಅಂತ ಹೆಸರು, ಬಾರ್‌ಗೆ ಮದಿರಾ, ಎಣ್ಣೆ ಮಸಾಜ್ ಮಾಡೋ ಬೋಗಿಗೆ ಆರೋಗ್ಯ. ಹೆಸರಿಟ್ಟವರಿಗೆ ಕನ್ನಡದ ಮೇಲೆ ಪ್ರೀತಿ ಇತ್ತು, ಅದನ್ನ ಒಪ್ಕೋಬೇಕು.

ಮುಖ್ಯ ಪ್ರವಾಸದ ಹೆಸರು 'ಪ್ರೈಡ್ ಆಫ್ ಕರ್ನಾಟಕ', ಅಂದರೆ ಕರ್ನಾಟಕದ ಹೆಮ್ಮೆ. ಬೆಂಗಳೂರಿಂದ ಹೊರಟು ಮೈಸೂರು, ಕಬಿನಿ ಕಾಡು, ಬೇಲೂರು-ಹಳೇಬೀಡು-ಶ್ರವಣಬೆಳಗೊಳ, ಹಂಪಿ, ಬಾದಾಮಿ-ಪಟ್ಟದಕಲ್ಲು-ಐಹೊಳೆ, ಕೊನೆಗೆ ಗೋವಾ ನೋಡ್ಕೊಂಡು ವಾಪಸ್. ರಾತ್ರಿ ರೈಲು ಓಡುತ್ತೆ, ಹಗಲು ಬಸ್ಸಿನಲ್ಲಿ ಕರ್ಕೊಂಡು ಹೋಗಿ ತೋರಿಸ್ತಾರೆ. ಮುಂದೆ ತಮಿಳುನಾಡು, ಪುದುಚೇರಿ, ಕೇರಳ ತೋರಿಸೋ ಇನ್ನೊಂದು ಪ್ರವಾಸವೂ ಸೇರಿಕೊಂಡಿತು. ಬೆಂಗಳೂರಿಂದ ಚೆನ್ನೈಗೆ ನೇರವಾದ ಹಳಿ ಬಂಗಾರಪೇಟೆ ಮೇಲೇ ಹೋಗೋದು. ಅಲ್ಲಿಂದ ಕೆಜಿಎಫ್‌ಗೆ ಒಂದು ಕವಲು, ಬರೀ 16 ಕಿಲೋಮೀಟರ್. ಅದನ್ನ ತೋರಿಸಬೇಕು ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಸಾಫ್ಟ್‌ವೇರ್‌ನವನಾದ್ದರಿಂದ ಲೆಕ್ಕ ಹಾಕದೆ ಇರೋಕಾಗಲ್ಲ. ಹನ್ನೊಂದು ಬೋಗಿ, ಒಂದೊಂದರಲ್ಲಿ ನಾಲ್ಕು ಕೋಣೆ. ಒಟ್ಟು 44 ಕೋಣೆ. ಕೋಣೆಗೆ ಇಬ್ಬರು ಅಂದರೆ 88 ಜನ. ಈಗ ನಮ್ಮ ಮಾಮೂಲಿ ಜನರಲ್ ಬೋಗಿ ತಗೊಳ್ಳಿ. ಒಂದರಲ್ಲಿ 90 ಸೀಟು. ಅಂದರೆ ಸುವರ್ಣ ರಥದ ಅಷ್ಟೂ ಅತಿಥಿಗಳನ್ನ ನಮ್ಮ ಒಂದೇ ಬೋಗಿಯಲ್ಲಿ ಕೂರಿಸಿದ್ರೂ ಇನ್ನೂ ಎರಡು ಸೀಟು ಮಿಗುತ್ತೆ. ಇದನ್ನ ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ಆ ರೈಲು ಯಾಕೆ ಸೋತಿತು ಅಂತ ಅರ್ಥ ಆಗಬೇಕಾದ್ರೆ ಈ ಲೆಕ್ಕ ಬೇಕು.

ಇಷ್ಟುದ್ದದ ರೈಲನ್ನ ಎಳೆಯೋಕೆ ಎಂಜಿನ್ ಬೇಕು, ಹಳಿ ಬೇಕು, ಬೇರೆ ರೈಲುಗಳ ಮಧ್ಯೆ ಸಮಯ ಬೇಕು. ಅದಕ್ಕೆಲ್ಲ ರೈಲ್ವೆಗೆ ಎಳೆಯೋ ಬಾಡಿಗೆ ಕೊಡಬೇಕು, ಕೋಣೆ ತುಂಬಲಿ ಬಿಡಲಿ. ವಿದೇಶಿಯರು ಬರೋದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಉಳಿದ ತಿಂಗಳು ರೈಲು ಬಹುಪಾಲು ನಿಂತೇ ಇರಬೇಕು. ನಿಂತ ರೈಲಿಗೂ ಖರ್ಚು ತಪ್ಪಲ್ಲ. ಅದಕ್ಕೆ ತಕ್ಕ ಹಾಗೆ ಹುಟ್ಟಿದ ಗಳಿಗೆಯೂ ಸರಿಯಿರಲಿಲ್ಲ. ರೈಲು ಶುರುವಾದ 2008ರಲ್ಲೇ ಅಮೆರಿಕದ ಬ್ಯಾಂಕುಗಳು ಬಿದ್ದು ಜಗತ್ತಿನಾದ್ಯಂತ ಆರ್ಥಿಕ ಹಿಂಜರಿತ ಬಂತು. ಅದೇ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ. ಭಾರತಕ್ಕೆ ಬರೋ ಪ್ರವಾಸಿಗರು ಹಿಂದೆ ಸರಿದರು. ಆ ವರ್ಷ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದ್ದರೂ ಜಾಯಿನಿಂಗ್ ಲೆಟರ್‌ಗೆ ತಿಂಗಳಾನುಗಟ್ಟಲೆ ಕಾದ ನಮ್ಮ ಬ್ಯಾಚ್‌ನವರಿಗೆ ಆ ಹಿಂಜರಿತ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ರೈಲು ಹೊರಗಿನಿಂದ ಹೊಳೀತಾ ಇತ್ತು, ಲೆಕ್ಕದ ಪುಸ್ತಕದಲ್ಲಿ ನಷ್ಟ ಬೆಳೀತಾ ಇತ್ತು. ಕೊನೆಗೆ 2018ರಲ್ಲಿ ಓಡೋದು ನಿಂತಿತು. 2019ರ ನವೆಂಬರ್‌ನಲ್ಲಿ ಕೆಎಸ್‌ಟಿಡಿಸಿ ರೈಲ್ವೆಯದೇ ಕಂಪನಿಯಾದ ಐಆರ್‌ಸಿಟಿಸಿ ಜೊತೆ ಒಪ್ಪಂದ ಮಾಡ್ಕೊಂಡು ನಡೆಸೋ ಜವಾಬ್ದಾರಿ ಅವರಿಗೆ ಕೊಟ್ಟಿತು. 2020ರ ಮಾರ್ಚ್‌ಗೆ ಹೊರಡಿಸೋ ಯೋಚನೆ ಇತ್ತು. 2020ರ ಮಾರ್ಚ್‌ನಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಒಳಗೆಲ್ಲ ಹೊಸದು ಮಾಡಿ 2024ರ ಡಿಸೆಂಬರ್ 14ಕ್ಕೆ ಮತ್ತೆ ಹೊರಡಿಸಿದ್ರು. ಪ್ರವಾಸದ ಹೆಸರು ಈಗಲೂ ಕರ್ನಾಟಕದ ಹೆಮ್ಮೆಯೇ. ಆರು ದಿನಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿ.

ಇದು ಮೊದಲನೇ ಚಿನ್ನದ ರೈಲಿನ ಕತೆ. ಈಗ ಆ 16 ಕಿಲೋಮೀಟರ್ ಕವಲಿಗೆ ಬರೋಣ. ಮಾವನ ಪ್ರಶ್ನೆಯ ಉಳಿದ ಅರ್ಧ ಇರೋದು ಅಲ್ಲೇ.

ಹಳೇ ಮೈಸೂರಿಗೆ ರೈಲು ಮೊದಲು ಬಂದದ್ದೇ ನಮ್ಮ ಕಡೆಯಿಂದ. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ವರೆಗೆ ಹಳಿ ಹಾಕಿದ್ರು. ಆಗ ಮೈಸೂರಿನ ಕಮಿಷನರ್ ಆಗಿದ್ದವರು ಲೆವಿನ್ ಬೌರಿಂಗ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಹೆಸರು ಬಂದದ್ದೂ ಅವರಿಂದಲೇ. ಆ ಹಳಿಯ ಪಕ್ಕ ಬೆಳೆದ ನಮ್ಮ ಊರಿಗೆ ಬೌರಿಂಗ್‌ಪೇಟೆ ಅಂತ ಹೆಸರಾಯಿತು. ಮುಂದೆ ಅದು ಬಂಗಾರಪೇಟೆ. ದೊರೆಯ ಹೆಸರು ಹೋಗಿ ಬಂಗಾರ ಬಂದು ಕೂತಿತು. ನನ್ನ ಮಟ್ಟಿಗೆ ಕರ್ನಾಟಕದ ಊರ ಹೆಸರುಗಳಲ್ಲಿ ಇದಕ್ಕಿಂತ ಒಳ್ಳೇ ಬದಲಾವಣೆ ಇಲ್ಲ. ಈಗ ಆ ಊರು ಹೆಸರಾಗಿರೋದು ಬಿಳೀ ನೀರಿನ ಪಾನಿಪುರಿಗೆ, ಅದು ಬೇರೆ ವಿಷಯ.

ಬಂಗಾರ ಸಿಕ್ಕಿದ್ದು ಹೇಗೆ? ಸೈನ್ಯದಿಂದ ನಿವೃತ್ತನಾಗಿದ್ದ ಲವೆಲ್ ಅನ್ನೋ ಐರಿಷ್‌ನವನು 1870ರ ದಶಕದಲ್ಲಿ ಇಲ್ಲಿ ಗಣಿ ತೋಡೋಕೆ ಮೈಸೂರು ಸರ್ಕಾರದಿಂದ ಪರವಾನಗಿ ತಗೊಂಡ. ಬೆಂಗಳೂರಿನ ಲವೆಲ್ ರೋಡ್ ಅವನ ಹೆಸರಿನದೇ. ಅವನ ಕೈಲಿ ಹೆಚ್ಚೇನೂ ಆಗಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿಗಾರಿಕೆ ಜೋರಾಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಅಂತ ಒಂದೊಂದು ಗಣಿಗೂ ಒಂದೊಂದು ಕಂಪನಿ.

ಗಣಿಗೆ ಯಂತ್ರ ಬೇಕು, ಕಲ್ಲಿದ್ದಲು ಬೇಕು, ಸುರಂಗ ಕುಸಿಯದ ಹಾಗೆ ಆನಿಸೋಕೆ ಮರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಜನ ಬೇಕು. ಎತ್ತಿನ ಗಾಡಿಯಲ್ಲಿ ಎಷ್ಟು ಅಂತ ಸಾಗಿಸ್ತಾರೆ? ಹಾಗಾಗಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಬೌರಿಂಗ್‌ಪೇಟೆಯಿಂದ ಗಣಿಗಳವರೆಗೆ ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಲ್ವೆ ಶುರುವಾಯಿತು. ಹತ್ತು ಮೈಲಿ ದಾರಿ. ದುಡ್ಡು ಮೈಸೂರು ಸಂಸ್ಥಾನದ್ದು, ರೈಲು ಓಡಿಸೋದು ಮದ್ರಾಸ್ ರೈಲ್ವೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೂಡ ಮೊದಲು ಬಂದದ್ದು ಇಲ್ಲಿಗೇ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ.

ಆ ರೈಲಿನಲ್ಲಿ ಬಂದವರಲ್ಲಿ ಎರಡು ಥರದ ಜನ. ಒಂದು ಕಡೆ ಇಂಗ್ಲೆಂಡಿನಿಂದ ಬಂದ ಸಾಹೇಬರು. ಅವರಿಗೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಊರಿಗೆ ಲಿಟಲ್ ಇಂಗ್ಲೆಂಡ್ ಅನ್ನೋ ಹೆಸರೇ ಬಂತು. ಇನ್ನೊಂದು ಕಡೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಕೂಲಿಗಳು, ಹೆಚ್ಚಿನವರು ದಲಿತರು. ಅವರಿಗೆ ಲೈನ್ ಮನೆಗಳು. ಅಂಗೈಯಗಲದ ಮನೆ, ಕೈ ಚಾಚಿದರೆ ಪಕ್ಕದ ಮನೆ ಗೋಡೆ. ನಮ್ಮಂಥ ಸುತ್ತಲಿನ ಹಳ್ಳಿಯವರು ಹಾಲು, ಮೊಸರು, ಸೊಪ್ಪು ತಂದು ಲೈನ್‌ಗಳಲ್ಲಿ ಮಾರ್ತಿದ್ರು. ನಮ್ಮ ಅಜ್ಜಿ ಮೊಸರಿನ ಗಡಿಗೆ ಹೊತ್ತು ಚಾಂಪಿಯನ್‌ಗೆ ಹೋಗಿ ಬರ್ತಾ ತಮಿಳು ಕಲಿತಿದ್ದು ಹೀಗೆ. ನಮ್ಮ ಮನೆಯಲ್ಲಿ ಬೈಗುಳ ತೆಲುಗು, ಲೆಕ್ಕ ತಮಿಳು, ಮಾತು ಕನ್ನಡ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ, ದಕ್ಷಿಣ ಆಫ್ರಿಕಾಕ್ಕೆ. ನಮ್ಮಲ್ಲಿ ಗಣಿ ಜೋರಾದ ಅದೇ 1880ರ ದಶಕದಲ್ಲಿ ಅಲ್ಲೂ ಚಿನ್ನ ಸಿಕ್ಕಿತು, ಆ ಚಿನ್ನದ ಮೇಲೆ ಜೋಹಾನ್ಸ್‌ಬರ್ಗ್ ಅನ್ನೋ ಊರೇ ಎದ್ದಿತು. ಅಲ್ಲಿಯ ಸಿರಿವಂತರು ಇಂಗ್ಲೆಂಡಿಗೆ ಹೋಗಬೇಕಾದ್ರೆ ಕೇಪ್‌ಟೌನ್‌ನಲ್ಲಿ ಹಡಗು ಹತ್ತಬೇಕಿತ್ತು. ಅವರಿಗಾಗಿ 1923ರಲ್ಲಿ ಜೋಹಾನ್ಸ್‌ಬರ್ಗ್ ಮತ್ತು ಕೇಪ್‌ಟೌನ್ ಮಧ್ಯೆ ವಿಶೇಷ ರೈಲು ಬಂತು. ಅದೇ ಮುಂದೆ 1946ರಲ್ಲಿ ಬ್ಲೂ ಟ್ರೈನ್ ಅಂತ ಹೆಸರು ಪಡೀತು. ಇವತ್ತಿಗೂ ಜಗತ್ತಿನ ಹೆಸರುವಾಸಿ ಐಷಾರಾಮಿ ರೈಲುಗಳಲ್ಲಿ ಅದೊಂದು. ಅಲ್ಲಿ ಗಣಿಯ ಕೂಲಿಗಳ ಬದುಕು ನಮ್ಮವರಿಗಿಂತ ಚೆನ್ನಾಗೇನೂ ಇರಲಿಲ್ಲ. ಆದರೆ ಗಣಿಯ ದುಡ್ಡು ಆ ನೆಲದಲ್ಲೂ ಒಂದಿಷ್ಟು ನಿಂತಿತು. ಊರು ಮಹಾನಗರ ಆಯಿತು. ಮುಚ್ಚಿದ ಗಣಿಯೊಂದರ ಜಾಗದಲ್ಲಿ ಗೋಲ್ಡ್ ರೀಫ್ ಸಿಟಿ ಅಂತ ಮಾಡಿ ಹಳೇ ಗಣಿಯೊಳಗೆ ಜನರನ್ನ ಇಳಿಸಿ ತೋರಿಸ್ತಾರೆ.

ನಮ್ಮಲ್ಲಿ? ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದರು. ಬ್ರಿಟಿಷರ ಕಾಲದಲ್ಲಿ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು, ಗೌರವಧನ ಮೈಸೂರಿನ ಖಜಾನೆಗೆ ಹೋಯಿತು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್. ಅಷ್ಟು ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ಆಳ ಹೆಚ್ಚಿದ ಹಾಗೆ ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಮ್ಮಿ ಆಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಆಗ ನನಗೆ ಹದಿಮೂರು ವರ್ಷ. ನೆನಪಿರೋದು ಒಂದೇ. ಶಿಫ್ಟ್ ಬದಲಾಗೋವಾಗ ಗಣಿಯ ಸೈರನ್ ಕೂಗ್ತಿತ್ತು, ನಮ್ಮ ಹಳ್ಳಿಯವರೆಗೂ ಕೇಳಿಸ್ತಿತ್ತು. ಅಮ್ಮ ಅದನ್ನ ಕೇಳಿ ಒಲೆ ಮೇಲೆ ಎಸರು ಇಡ್ತಿದ್ಲು. ಸೈರನ್ ನಿಂತ ಮೇಲೆ ಎಷ್ಟೋ ದಿನ ನಮ್ಮನೆ ಮುದ್ದೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಕೊನೆಗೆ ಅಪ್ಪ ಸಂತೆಯಿಂದ ಗೋಡೆ ಗಡಿಯಾರ ತಂದ್ರು.

ಗಣಿ ಮುಚ್ಚಿತು, ಹಳಿ ಉಳಿಯಿತು. 1894ರಲ್ಲಿ ಜನರನ್ನ ಚಿನ್ನದ ಹತ್ತಿರ ತರೋಕೆ ಹಾಕಿದ ಅದೇ ಹಳಿ, ಈಗ ಅವರ ಮಕ್ಕಳು ಮೊಮ್ಮಕ್ಕಳನ್ನ ದಿನಾ ಬೆಳಿಗ್ಗೆ ಬೆಂಗಳೂರಿಗೆ ಹೊತ್ತುಕೊಂಡು ಹೋಗುತ್ತೆ. ಬಟ್ಟೆ ಅಂಗಡಿಯಲ್ಲಿ ನಿಲ್ಲೋ ಹುಡುಗೀರು, ಗಾರ್ಮೆಂಟ್ಸ್‌ನವರು, ನರ್ಸ್‌ಗಳು, ಎಲೆಕ್ಟ್ರಿಷಿಯನ್‌ಗಳು, ಸೆಕ್ಯುರಿಟಿಯವರು, ಕಾಲ್ ಸೆಂಟರ್‌ನವರು, ನನ್ನಂಥ ಸಾಫ್ಟ್‌ವೇರ್‌ನವರು. ಸಾಹೇಬರು ಇದ್ದ ಊರಾದ್ದರಿಂದ ನಮ್ಮ ಕಡೆಯವರ ಇಂಗ್ಲಿಷು ಪರವಾಗಿಲ್ಲ, ಬೆಂಗಳೂರಿನಲ್ಲಿ ಅದು ಅನ್ನ ಕೊಡ್ತು. ಊರು ಬಿಟ್ಟು ಹೋಗೋಕೆ ಮನಸ್ಸಿಲ್ಲ, ಬೆಂಗಳೂರಿನ ಬಾಡಿಗೆ ಕೊಡೋಕೆ ಶಕ್ತಿ ಇಲ್ಲ. ಈ ಎರಡರ ಮಧ್ಯೆ ಇರೋದು ಸ್ವರ್ಣ. ಅದಿಲ್ಲದಿದ್ದರೆ ಕೆಜಿಎಫ್ ಅನ್ನೋ ಊರು 2001ರಲ್ಲೇ ಖಾಲಿ ಆಗಿರೋದು ಅಂತ ನಾನು ನಂಬಿದ್ದೀನಿ.

ನನ್ನ ಅಲಾರಂ ನಾಲ್ಕಕ್ಕೆ. ಹಳ್ಳಿಯಿಂದ ಗಾಡಿಯಲ್ಲಿ ಚಾಂಪಿಯನ್ ಸ್ಟೇಷನ್. ಕತ್ತಲಲ್ಲಿ ಸೈನೈಡ್ ಗುಡ್ಡಗಳು ಮಲಗಿದ ಎಮ್ಮೆಗಳ ಥರ ಕಾಣ್ತಿದ್ವು. ಚಿನ್ನ ತೆಗೆದು ಉಳಿದ ಮಣ್ಣನ್ನ ನೂರು ವರ್ಷ ಸುರಿದು ಸುರಿದು ಆದ ಗುಡ್ಡಗಳು ಅವು. ಗಾಳಿ ಜೋರಾದರೆ ಅದರ ಧೂಳು ಪ್ಲಾಟ್‌ಫಾರ್ಮಿಗೂ ಬರುತ್ತೆ. ರೈಲು ಮಾರಿಕುಪ್ಪಂನಲ್ಲಿ ಹುಟ್ಟಿ ಚಾಂಪಿಯನ್‌ಗೆ ಬರೋ ಹೊತ್ತಿಗೇ ಕಿಟಕಿ ಪಕ್ಕದ ಸೀಟು ಖಾಲಿ ಆಗಿರಲ್ಲ. ಅದಕ್ಕೊಂದು ವ್ಯವಸ್ಥೆ ಇತ್ತು. ಮಾವನ ಜೊತೆ ಅಂಡರ್‌ಗ್ರೌಂಡ್‌ನಲ್ಲಿ ಒಂದೇ ಗ್ಯಾಂಗ್‌ನಲ್ಲಿದ್ದ ಒಬ್ಬರು ಮಾರಿಕುಪ್ಪಂನಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸ್ತಿದ್ರು. ಅದೇ ರಿಸರ್ವೇಶನ್. ಯಾರೂ ಆ ಟವೆಲ್ ತೆಗೆಯೋ ಹಾಗಿಲ್ಲ. ಮೂರು ಕಿಲೋಮೀಟರ್ ಕೆಳಗೆ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿ ಇಟ್ಟು ಬದುಕಿದವರು. ಸೀಟು ಹಿಡಿಯೋದು ಅವರಿಗೆ ದೊಡ್ಡ ವಿಷಯ ಅಲ್ಲ.

ಬಂಗಾರಪೇಟೆ ಬರೋ ಹೊತ್ತಿಗೆ ನಿಲ್ಲೋಕೆ ಜಾಗ ಇರಲ್ಲ. ಟೇಕಲ್‌ನ ಬಂಡೆಗಳು, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್. ಆ ದಾರಿಯಲ್ಲಿ ಹೂ ಕಟ್ಟೋರು, ಪರೀಕ್ಷೆಗೆ ಓದೋರು, ಇಸ್ಪೀಟು ಆಡೋರು, ನಿಂತೇ ನಿದ್ದೆ ಮಾಡೋರು. ನಾನು ಜಾವಾ ಇಂಟರ್‌ವ್ಯೂಗೆ ಓದಿದ್ದು, ಮದುವೆಯ ಹುಡುಗಿ ಫೋಟೋ ನೋಡಿದ್ದು, ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದದ್ದು, ಎಲ್ಲ ಆ ರೈಲಿನಲ್ಲೇ.

ಈಗ ಮಾವನ ಪ್ರಶ್ನೆಗೆ ವಾಪಸ್. ಸುವರ್ಣ ರಥ ನಮ್ಮೂರಿಗೆ ಯಾಕೆ ಬರಲ್ಲ?

ಸುಲಭದ ಉತ್ತರ: ನೋಡೋಕೆ ಏನಿದೆ? ತುಕ್ಕು ಹಿಡಿದ ಶಾಫ್ಟ್‌ಗಳು, ಪಾಳುಬಿದ್ದ ಬಂಗಲೆ, ಧೂಳು. ಆದರೆ ಹಂಪಿಯಲ್ಲಿರೋದೂ ಪಾಳುಬಿದ್ದದ್ದೇ ಅಲ್ವಾ? ಸುವರ್ಣ ರಥ ನಿಂತ ಅದೇ 2018ರ ಡಿಸೆಂಬರ್‌ನಲ್ಲಿ 'ಕೆಜಿಎಫ್' ಸಿನಿಮಾ ಬಂತು. ನಮ್ಮ ಸೈನೈಡ್ ಗುಡ್ಡಗಳ ಮೇಲೆ ಶೂಟಿಂಗ್ ಮಾಡಿದ್ದು. ಆಮೇಲೆ ಎಲ್ಲೆಲ್ಲಿಂದಲೋ ಹುಡುಗರು ಬೈಕ್ ಹಾಕ್ಕೊಂಡು ಬಂದು ಇದೇ ಗುಡ್ಡಾನಾ ಅಂತ ಕೇಳೋಕೆ ಶುರುಮಾಡಿದ್ರು. ನೋಡೋಕೆ ಏನೂ ಇಲ್ಲ ಅನ್ನೋ ಮಾತು ಅಲ್ಲಿಗೆ ಸುಳ್ಳಾಯಿತು.

ಇನ್ನೊಂದು ವಿಷಯ. ಸುವರ್ಣ ರಥದ ಬೋಗಿಗಳಲ್ಲಿ ಒಂದಕ್ಕೆ ಗಂಗ ಅಂತ ಹೆಸರು ಅಂದೆನಲ್ಲ. ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ಇವತ್ತಿನ ಕೋಲಾರ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಅವರು ಕುವಲಾಲಪುರವರೇಶ್ವರ ಅನ್ನೋ ಬಿರುದು ಬಿಡಲಿಲ್ಲ. ಕೋಲಾರದ ಒಡೆಯರ ಹೆಸರನ್ನ ಬೋಗಿ ಮೇಲೆ ಬರೆದುಕೊಂಡ ರೈಲಿಗೆ ಕೋಲಾರ ಜಿಲ್ಲೆಯಲ್ಲಿ ನೋಡೋ ಜಾಗ ಒಂದೂ ಸಿಗಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಹನ್ನೊಂದು ಬೋಗಿಗಳಲ್ಲೂ ಇರೋದು ಆಳಿದವರ ಹೆಸರು. ಹೆಮ್ಮೆ ಅಂದರೆ ನಮಗೆ ಅರಮನೆ, ಗುಡಿ, ಕೋಟೆ. ಅದರಲ್ಲಿ ತಪ್ಪೇನಿಲ್ಲ, ಹಳೇಬೀಡಿನ ಗೋಡೆ ನೋಡಿ ನಾನೂ ಬಾಯಿಬಿಟ್ಟು ನಿಂತಿದ್ದೀನಿ. ಆದರೆ ಕೇಜ್‌ನಲ್ಲಿ ಕತ್ತಲಿಗೆ ಇಳಿದು, ಸುಡೋ ಬಂಡೆ ಕೊರೆದು, 800 ಟನ್ ಚಿನ್ನ ಮೇಲಕ್ಕೆ ಕಳಿಸಿದವರೂ ಕರ್ನಾಟಕದ ಹೆಮ್ಮೆ ಅಂತ ನಮ್ಮ ಪಟ್ಟಿಗಳಲ್ಲಿ ಯಾಕೆ ಬರಲ್ಲ? ಅವರು ತಮಿಳು ಮಾತಾಡ್ತಿದ್ರು ಅಂತಾನಾ? ಕೂಲಿಗಳು ಅಂತಾನಾ? ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಕೇಜ್‌ನಲ್ಲಿ ಇಳಿದವರಲ್ಲಿ ಎಷ್ಟೋ ಜನ ಈಗಿಲ್ಲ. ಒಂದು ಶಾಫ್ಟ್ ರಿಪೇರಿ ಮಾಡಿ, ಒಂದು ಲೈನ್ ಮನೆ ಹಾಗೇ ಉಳಿಸಿ, ಇದ್ದವರ ಬಾಯಲ್ಲೇ ಕತೆ ಹೇಳಿಸೋಕೆ ಇನ್ನು ಹೆಚ್ಚು ವರ್ಷ ಉಳಿದಿಲ್ಲ. ಸುವರ್ಣ ರಥ ಬರಲೇಬೇಕು ಅಂತ ನನ್ನ ಹಟ ಅಲ್ಲ. ಯಾವ ರೈಲಿನಲ್ಲಿ ಬಂದವರಿಗಾದರೂ ತೋರಿಸೋಕೆ ನಮ್ಮ ಹತ್ರ ಒಂದು ಜಾಗ ಇರಬೇಕು.

2024ರ ಡಿಸೆಂಬರ್‌ನಲ್ಲಿ ಸುವರ್ಣ ರಥ ಮತ್ತೆ ಹೊರಟ ಸುದ್ದಿ ಓದಿ ಮಾವನಿಗೆ ಫೋನ್ ಮಾಡಿದೆ. ಈಗ ಸೆಕ್ಯುರಿಟಿ ಕೆಲಸ ಬಿಟ್ಟಿದ್ದಾರೆ, ಉಸಿರಿನ ತೊಂದರೆ, ಮನೆಯಲ್ಲೇ ಇರ್ತಾರೆ. ಟಿಕೆಟ್ ಎಷ್ಟಪ್ಪಾ ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದುಡ್ಡು ಕೊಟ್ಟು ರೈಲಲ್ಲಿ ಮಲಗಾಕೆ ಹೋಗ್ತಾರಾ? ನಾವು ಪುಗಸಟ್ಟೆ ನಿಂತೇ ಮಲಗ್ತಿದ್ವಲ್ಲೋ" ಅಂದು ಕೆಮ್ಮು ಬರೋವರೆಗೂ ನಕ್ಕರು.

ನಾನು ಈಗ ಬೆಂಗಳೂರಿನಲ್ಲೇ ಮನೆ ಮಾಡಿದ್ದೀನಿ. ಶನಿವಾರ ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ಸ್ವರ್ಣದಲ್ಲೇ ವಾಪಸ್. ಕಳೆದ ಸಲ ಚಾಂಪಿಯನ್‌ನಲ್ಲಿ ಹತ್ತಿದಾಗ ಮೂರನೇ ಬೋಗಿಯ ಕಿಟಕಿಯಿಂದ ಯಾರೋ ಕೈ ಬೀಸಿದ್ರು. ಟವೆಲ್ ಹಾಸ್ತಿದ್ದವರ ಮಗ. ನಾನು ಬರೋ ವಿಷಯ ಮಾವ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದ್ರಂತೆ. ಪಕ್ಕದ ಸೀಟಿನ ಮೇಲೆ ಟವೆಲ್ ಇತ್ತು. ತೆಗೆದು ಮಡಿಲಲ್ಲಿಟ್ಟುಕೊಂಡು, "ಕೂತ್ಕೋ ಅಣ್ಣಾ, ವೈಟ್‌ಫೀಲ್ಡ್ ಬಂದಾಗ ಎಬ್ಬಿಸ್ತೀನಿ" ಅಂದ.